ಸರ್ಕಾರಿ ವಿಮೆ ಇದ್ದವರಿಗೆ ಫಿಸಿಯೋಥೆರಪಿ ಎಲ್ಲಿ?

ಮಂಡಿನೋವು, ಪಾರ್ಶ್ವವಾಯು ಎಂದು ಫಿಸಿಯೋಥೆರಪಿಗೆ ಅಲೆಯುತ್ತಿರುವವರು ಗಮನಿಸಿ. ಆಯುಷ್ಮಾನ್ ಕಾರ್ಡ್ ಹಿಡಿದುಕೊಂಡು ಬಡಾವಣೆಯ ಕ್ಲಿನಿಕ್‌ಗಳನ್ನು ಸುತ್ತಬೇಡಿ. ಆ ಯೋಜನೆ ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರಿಗೆ. ವಾರಕ್ಕೆ ಮೂರು ಸಲ ಹೋಗಿ ಬರುವ ವ್ಯಾಯಾಮಕ್ಕಲ್ಲ. ಶಸ್ತ್ರಚಿಕಿತ್ಸೆ ಆಗುವುದಿದ್ದರೆ, ಬಿಡುಗಡೆಗೆ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಫಲಾನುಭವಿಗಳಿಗೆ ನೆರವಾಗುವ ಆರೋಗ್ಯಮಿತ್ರರನ್ನು ಕಂಡು, ಪ್ಯಾಕೇಜಿನಲ್ಲಿ ಫಿಸಿಯೋಥೆರಪಿ ಸೇರಿದೆಯೇ ಎಂದು ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ಕೇಳಿದರೆ ಕಿವಿಗೊಡುವವರು ಕಡಿಮೆ.

ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುವವರ ಲೆಕ್ಕ ಬೇರೆ. ಅದರಲ್ಲಿ ಹೊರರೋಗಿ ಚಿಕಿತ್ಸೆಯೂ ಉಂಟು, ಅವಲಂಬಿತರಾದ ಮನೆಯವರಿಗೂ ಉಂಟು. ಮೊದಲು ನಿಮ್ಮ ಇಎಸ್‌ಐ ಚಿಕಿತ್ಸಾಲಯಕ್ಕೆ ಹೋಗಿ, ಆಸ್ಪತ್ರೆಗೆ ಶಿಫಾರಸು ಚೀಟಿ ಬರೆಸಿಕೊಳ್ಳಿ.

ಎರಡೂ ಇಲ್ಲವೇ, ಇಲ್ಲಾ ಆಯುಷ್ಮಾನ್ ಕಾರ್ಡ್ ಮಾತ್ರ ಇದೆಯೇ? ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ; ಜನ ಅದೇಕೋ ಇದನ್ನು ಮರೆತೇಬಿಡುತ್ತಾರೆ. ಮೂಳೆ ವಿಭಾಗದ ವೈದ್ಯರ ಚೀಟಿಯಲ್ಲಿ ‘ಫಿಸಿಯೋಥೆರಪಿ’ ಎಂದಷ್ಟೇ ಅಲ್ಲ, ಯಾವ ಕೀಲು, ಏನು ತೊಂದರೆ, ಎಷ್ಟು ಭಾರ ಹಾಕಬಹುದು ಎಂಬುದನ್ನೂ ಬರೆಸಿ. ಹಳೆಯ ಎಕ್ಸ್‌ರೇ ಜೊತೆಗಿರಲಿ. ದಿನಾ ಹೋಗಲಾಗದ ಹಳ್ಳಿಯವರು, ಹೇಳಿಕೊಟ್ಟ ವ್ಯಾಯಾಮವನ್ನು ಚಿಕಿತ್ಸಕರ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ. ಯಂತ್ರದ ಶಾಖ ಕೊಡಲಿಲ್ಲವೆಂದು ಮುನಿಸಿಕೊಳ್ಳಬೇಡಿ, ಮಂಡಿನೋವಿಗೆ ಹೆಚ್ಚು ಫಲ ಕೊಡುವುದು ಆ ವ್ಯಾಯಾಮವೇ.