ಕಸಿಯ ಕೆಳಗಿನ ಚಿಗುರು

ಅಮೆರಿಕದ ಮಿನ್ನೆಸೋಟದ ನಮ್ಮ ಮನೆಯ ಅಂಗಳ ಚಿಕ್ಕದು, ದೊಡ್ಡ ಮರಕ್ಕೆ ಜಾಗವಿಲ್ಲ. ಹಾಗಾಗಿ ಸಾರ್ಜೆಂಟ್ ಕ್ರ್ಯಾಬ್‌ಆಪಲ್‌ನ ‘ಟೀನಾ’ ತಳಿ ತಂದೆ. ಸೇಬಿನ ಬಳಗದ್ದೇ, ಆದರೆ ಐದಾರು ಅಡಿಗೆ ನಿಲ್ಲುತ್ತದೆ. ಹಣ್ಣು ಬಟಾಣಿಯಷ್ಟು. ಇಲ್ಲಿನ ಚಳಿಗೆ ಜಗ್ಗುವುದಿಲ್ಲ, ಎಲೆಗೆ ಕಜ್ಜಿ ರೋಗವೂ ಕಡಿಮೆ.

ಮೇ ತಿಂಗಳಲ್ಲಿ ಇಡೀ ದಿನ ಬಿಸಿಲು ಬೀಳುವ ಕಡೆ ನೆಟ್ಟೆ. ಕುಂಡದ ಮೇಲ್ಮಣ್ಣು ಕೆರೆದಾಗ ಬೇರು ಕವಲೊಡೆಯುವ ಜಾಗ ಎರಡು ಇಂಚು ಕೆಳಗಿತ್ತು. ಅದು ನೆಲದ ಮಟ್ಟಕ್ಕೇ ಬರುವಂತೆ, ಅಗಲವಾದ ಆದರೆ ಆಳವಿಲ್ಲದ ಗುಂಡಿಯಲ್ಲಿ ಕೂರಿಸಿದೆ.

ಮೂರನೇ ಬೇಸಿಗೆಯಲ್ಲಿ ಕಾಂಡದ ನಡುವಿನಿಂದ ನಾಲ್ಕು ಚಿಗುರು ನೆಟ್ಟಗೆ ಎದ್ದವು. ಗಿಡ ಹುಲುಸಾಯಿತೆಂದು ಖುಷಿಪಟ್ಟೆ. ಆಗಸ್ಟ್ ಹೊತ್ತಿಗೆ ಅವು ಗಿಡದ ನೆತ್ತಿಯನ್ನೂ ಮೀರಿದವು. ಪುತ್ತೂರಿನಲ್ಲಿರುವ ಅಪ್ಪ ವಿಡಿಯೋ ಕಾಲ್‌ನಲ್ಲಿ ನೋಡಿ, “ಕಸಿ ಕಟ್ಟಿದ್ದು ಎಲ್ಲಿ, ತೋರಿಸು” ಎಂದರು. ಕಸಿ ಇದ್ದದ್ದು ಕಾಂಡದ ತುದಿಯಲ್ಲಿ, ಕೊಂಬೆಗಳು ಒಡೆಯುವಲ್ಲಿ. ಚಿಗುರೆಲ್ಲ ಅದರ ಕೆಳಗೆ! ಅಂದರೆ ಅವು ಟೀನಾದ್ದಲ್ಲ, ಕಸಿಗೆ ಬಳಸಿದ ಗಿಡದ್ದು. ಊರಿನಲ್ಲಿ ಕಸಿ ಮಾವಿನ ಬುಡದಿಂದ ಕಾಟು ಮಾವು ಏಳುತ್ತದಲ್ಲ, ಅದೇ ಕಥೆ. ಅವನ್ನು ಹಾಗೇ ಬಿಟ್ಟಿದ್ದರೆ ಟೀನಾ ಸೊರಗುತ್ತಿತ್ತು. ಅಂದೇ ಆ ಚಿಗುರುಗಳನ್ನು ಬುಡಸಮೇತ ಕತ್ತರಿಸಿದೆ. ಈಗ ಪ್ರತಿ ಮೇ, ಜೂನ್‌ನಲ್ಲಿ ವಾರಕ್ಕೊಮ್ಮೆ ಕಾಂಡದ ಮೇಲೆ ಕೈಯಾಡಿಸುತ್ತೇನೆ. ಎಳೆಯದಿರುವಾಗ ಹೆಬ್ಬೆರಳಿಗೇ ಉದುರುತ್ತವೆ.

ಚಳಿಗಾಲದ ಭಯ ಮೊಲದ್ದು. ಅದು ಕಾಂಡದ ಸುತ್ತ ತೊಗಟೆ ಕೆರೆದು ತಿಂದರೆ ಮೇಲಿನದು ಒಣಗುತ್ತದೆ. ಮತ್ತೆ ಬುಡದಿಂದ ಚಿಗುರಿದರೂ ಅದು ಟೀನಾ ಅಲ್ಲ, ಕಸಿಗೆ ಬಳಸಿದ ಗಿಡ. ಅಕ್ಟೋಬರ್‌ನಲ್ಲೇ ಸಣ್ಣ ಕಣ್ಣಿನ ತಂತಿಬಲೆ ಸುತ್ತುತ್ತೇನೆ. ಹಿಮ ಗಟ್ಟಿಯಾದರೆ ಮೊಲ ಅದರ ಮೇಲೇ ನಿಂತು ಮೇಲಕ್ಕೂ ಬಾಯಿ ಹಾಕುತ್ತದೆ, ಹಾಗಾಗಿ ಬಲೆ ಕೊಂಬೆ ಒಡೆಯುವಲ್ಲಿಯವರೆಗೂ ಬೇಕು.

ಒಮ್ಮೆ ಚಳಿ ಶುರುವಾಗುವ ಮುಂಚೆ ಆಕಾರಕ್ಕೆಂದು ಕೊಂಬೆ ಸವರಿಬಿಟ್ಟೆ. ಮುಂದಿನ ವಸಂತದಲ್ಲಿ ಹೂವು ಬೆರಳೆಣಿಕೆ. ಮರುವರ್ಷದ ಮೊಗ್ಗು ಬೇಸಿಗೆಯಲ್ಲೇ ಕಟ್ಟಿರುತ್ತದೆ, ನಾನು ಅದನ್ನೇ ಕತ್ತರಿಸಿದ್ದೆ. ಈಗ ಹೂ ಉದುರಿದ ಕೂಡಲೇ ಸವರುತ್ತೇನೆ.

ಈ ಮೇನಲ್ಲಿ ಗುಲಾಬಿ ಮೊಗ್ಗುಗಳು ಬಿಳಿಯಾಗಿ ಅರಳಿ ಎಲೆಯೇ ಕಾಣುತ್ತಿರಲಿಲ್ಲ. ಫೋನು ಹೂವಿನ ಹತ್ತಿರ ಹಿಡಿದೆ. ಅಪ್ಪ, “ಸ್ವಲ್ಪ ಕೆಳಗೆ ಹಿಡಿ, ಕಾಂಡ ನೋಡಬೇಕು” ಎಂದರು.