ಚೆಂಬೂರಿನ ಹಳೇ ಫ್ಲ್ಯಾಟ್: ಸ್ಟ್ಯಾಂಪ್ ಡ್ಯೂಟಿ 36,000 ರೂಪಾಯಿ ಹೆಚ್ಚು ಬಂದಾಗ

ಒಪ್ಪಂದದ ಬೆಲೆ 90 ಲಕ್ಷ. ಏಜೆಂಟರ ಲೆಕ್ಕದಲ್ಲಿ ರೆಡಿ ರೆಕನರ್ (ಸರ್ಕಾರ ಪ್ರದೇಶವಾರು ಕಟ್ಟುವ ಆಸ್ತಿ ದರಪಟ್ಟಿ) ಮೌಲ್ಯ 96 ಲಕ್ಷ. ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆಯೇ ಡ್ಯೂಟಿ. ಮುಂಬೈನಲ್ಲಿ ಮೆಟ್ರೋ ಸೆಸ್ ಸೇರಿ 6%, ಅಂದರೆ 5,40,000 ಹೋಗಿ 5,76,000 ಆಯಿತು.

ತಪ್ಪಿದ್ದದ್ದು ಕಟ್ಟಡದ ವಯಸ್ಸಿನಲ್ಲಿ. ಆ ಕಾಲಂ ಖಾಲಿ ಬಿಟ್ಟು ಹೊಸ ಕಟ್ಟಡದ ದರ ಹಾಕಿದ್ದರು. ಓಸಿ (ಕಟ್ಟಡ ವಾಸಕ್ಕೆ ಸಿದ್ಧ ಎಂಬ ಪ್ರಮಾಣಪತ್ರ) ಪ್ರತಿ ಕೊಟ್ಟು, ವಯಸ್ಸಿಗೆ ತಕ್ಕ ಸವಕಳಿ ಕಳೆಸಿದ ಮೇಲೆ ಮೌಲ್ಯ 89 ಲಕ್ಷಕ್ಕಿಳಿಯಿತು. ಡ್ಯೂಟಿ ಒಪ್ಪಂದದ ಬೆಲೆಗೇ ನಿಂತಿತು. ಓಸಿ ಸಿಗದಿದ್ದರೆ ಹಳೇ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಹುಡುಕಿ. ಸಿಟಿಎಸ್ ನಂಬರ್ (ಜಾಗದ ನಗರ ಸರ್ವೆ ಸಂಖ್ಯೆ) ರೆಡಿ ರೆಕನರ್‌ನ ಯಾವ ವಲಯಕ್ಕೆ ಸೇರುತ್ತದೆ, ಹಾಕಿದ ಅಳತೆ ಕಾರ್ಪೆಟ್ಟೋ (ಗೋಡೆಗಳೊಳಗಿನ ಜಾಗ) ಬಿಲ್ಟ್‌ಅಪ್ಪೋ (ಗೋಡೆಯೂ ಸೇರಿದ್ದು) ಎಂದೂ ನೋಡಿ. ಎಡವಟ್ಟು ಅಲ್ಲೇ ಹೆಚ್ಚು.

ಇದೆಲ್ಲ ಚಲನ್ ಕಟ್ಟುವ ಮೊದಲೇ ಮುಗಿಯಬೇಕು. ಕಟ್ಟಿದ್ದನ್ನು ವಾಪಸ್ ಪಡೆಯುವುದು ದೊಡ್ಡ ತಲೆನೋವು.

ಹೆಂಗಸರಿಗೆ 1% ರಿಯಾಯಿತಿ ಉಂಟು, ಆದರೆ ಖರೀದಿದಾರರೆಲ್ಲ ಹೆಂಗಸರೇ ಆಗಿರಬೇಕು. ಗಂಡನ ಹೆಸರು ಜೊತೆಗೆ ಸೇರಿಸಿದರೆ ಹೋಯಿತು. ನೋಂದಣಿ ಶುಲ್ಕ ಬೇರೆ: 1%, ಗರಿಷ್ಠ 30,000. ಸಹಿ ಹಾಕಿ 4 ತಿಂಗಳೊಳಗೆ ದಸ್ತಾವೇಜನ್ನು ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸಿ.