ಮೂರನೇ ಚಳಿಗಾಲದಲ್ಲಿ ಓಡಿತು ನನ್ನ ಹಿಮಗಾಡಿ

ಈ ಫೆಬ್ರವರಿಯಲ್ಲಿ ಮಂಡಿ ಮುಳುಗುವ ಹಿಮದಲ್ಲಿ ನಾನೇ ಮಾಡಿದ ಗಾಡಿ ಕೆರೆ ದಾಟಿ ವಾಪಸ್ ಬಂತು. ಮನೆಯಲ್ಲಾಗಲಿ ಪಕ್ಕದ ಫಾರ್ಮಿನಲ್ಲಾಗಲಿ ಯಾರೂ ನಂಬಿರಲಿಲ್ಲ. ನಾನಿರುವುದು ಕೆನಡಾದ ಮ್ಯಾನಿಟೋಬಾದಲ್ಲಿ, ಹುಟ್ಟೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಟಿಲ್ಲರ್ ಬಿಚ್ಚಿ ಜೋಡಿಸಲು ಕಲಿತದ್ದು ಅಲ್ಲೇ.

ಮೊದಲ ತಪ್ಪೂ ಅಲ್ಲಿಂದಲೇ ಬಂತು. ಗದ್ದೆಗೆ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕ್ತೀವಲ್ಲ, ಹಿಮಕ್ಕೂ ಅದೇ ಸಾಕು ಅಂದುಕೊಂಡೆ. ಕೆಸರಿನ ಕೆಳಗೆ ಗಟ್ಟಿ ನೆಲ ಸಿಗುತ್ತದೆ, ಚಕ್ರ ಅದನ್ನು ಹಿಡಿಯುತ್ತದೆ. ಇಲ್ಲಿ ಚಕ್ರ ತೋಡುತ್ತಲೇ ಹೋಯಿತು, ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತಿತು. ಸುಮಾರು 250 ಡಾಲರ್ ನೀರುಪಾಲು.

ಮರುವರ್ಷ ರಷ್ಯಾದ ಹಳ್ಳಿಗರು ಮನೆಯಲ್ಲೇ ಮಾಡುವ ಉಬ್ಬು ಚಕ್ರದ ಗಾಡಿ ಕರಕಾತ್ ಥರ, ಲಾರಿ ಟ್ಯೂಬುಗಳಿಗೆ ಬೆಲ್ಟ್ ಸುತ್ತಿ ಚಕ್ರ ಮಾಡಿದೆ. ಗಟ್ಟಿ ಹಿಮದಲ್ಲಿ ಚೆನ್ನಾಗಿ ಓಡಿತು, ಪುಡಿ ಹಿಮದಲ್ಲಿ ಸುಮ್ನೆ ತಿರುಗಿತು. ಮೈನಸ್ 30ರಲ್ಲಿ ಒಂದು ಟ್ಯೂಬ್ ವಾಲ್ವಿನ ಬುಡದಲ್ಲಿ ಸೀಳಿತು. ಉಳಿದವು ಈಗ ಮೀನಿಗೆ ಹೋಗುವ ತಳ್ಳುಗಾಡಿಯಲ್ಲಿವೆ, ಅದಕ್ಕೆ ಬಹಳ ಚೆನ್ನ.

ಕೊನೆಗೆ ಟ್ಯಾಂಕಿಗಿರುವಂಥ, ಗಾಲಿಗಳನ್ನು ಸುತ್ತಿ ಓಡುವ ಪಟ್ಟಿಗೇ ಬಂದೆ. ಕ್ವಿಬೆಕ್‌ನ ವಾಲ್ಕೂರಿನ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ 1922ರಲ್ಲಿ, 15ನೇ ವಯಸ್ಸಿಗೆ, ಫ್ಯಾನ್ ತಳ್ಳುವ ಹಿಮಗಾಡಿ ಮಾಡಿದವರು. ಹಲ್ಲುಗಾಲಿ ಮತ್ತು ಪಟ್ಟಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅವರಿಗೇ ಅಷ್ಟು ವರ್ಷ ಬೇಕಾಯಿತು ಅಂದಾಗ ನನಗೂ ಧೈರ್ಯ ಬಂತು.

ಪಟ್ಟಿಗೆ ಜಲ್ಲಿ ಕ್ವಾರಿಯಲ್ಲಿ ಬಿಸಾಡಿದ ಕನ್ವೇಯರ್ ಬೆಲ್ಟ್ ಪುಕ್ಕಟೆ ಸಿಕ್ಕಿತು. ಹಳೇ ಸ್ನೋಬ್ಲೋವರ್‌ನ (ದಾರಿಯ ಹಿಮ ತೆಗೆಯುವ ಯಂತ್ರ) 8 ಎಚ್‌ಪಿ ಇಂಜಿನ್ 80 ಡಾಲರ್. ಬೆಲ್ಟ್ ಕ್ಲಚ್ ಹೊಸದು, 150ರ ಹತ್ತಿರ. ಅಂಗಡಿಯವರು ಮೊದಲು ತಪ್ಪು ಅಳತೆಯದು ಕಳಿಸಿ ಎರಡು ವಾರ ತಿಂದರು. ಬೆಲ್ಟಿನ ಮೇಲಿನ ಅಡ್ಡಪಟ್ಟಿಗೆ ಕಬ್ಬಿಣದ ಆಂಗಲ್ ಹಾಕಿದ್ದೆ, ಹಿಮ ಅಂಟಿ ಕಲ್ಲಾಯಿತು. ಮರದ ರೀಪು ಹಾಕಿದೆ. ಹಲ್ಲುಗಾಲಿಯನ್ನು ದಪ್ಪ ಪ್ಲಾಸ್ಟಿಕ್ ಹಲಗೆಯಲ್ಲಿ ಕೊಯ್ದೆ, ಅಂಟುವುದು ನಿಂತಿತು.

ಜಾಸ್ತಿ ಕಾಡಿದ್ದು ಪಟ್ಟಿ ಕಳಚುವುದು. ತಿರುಗಿಸಿದಾಗೆಲ್ಲ ಕಳಚುತ್ತಿತ್ತು. ಬಿಗಿ ಮಾಡಿದಷ್ಟೂ ಇಂಜಿನ್ ಉಸಿರುಗಟ್ಟುತ್ತಿತ್ತು. ಒಂದು ತಿಂಗಳು ಒದ್ದಾಡಿದ ಮೇಲೆ ಗೊತ್ತಾಯಿತು, ಹಿಂದಿನ ರೋಲರ್ ನಾಲ್ಕೈದು ಮಿ.ಮೀ. ಓರೆ! ಅದನ್ನು ನೇರ ಮಾಡಿ ಪಟ್ಟಿಯನ್ನು ಎರಡು ಬೆರಳು ಸಡಿಲ ಬಿಟ್ಟೆ. ಅಲ್ಲಿಂದ ಒಂದು ಸಲವೂ ಕಳಚಿಲ್ಲ.

ಗಾಡಿ ಮತ್ತು ನಾನು ಸೇರಿ 250 ಕಿಲೋ. ಪಟ್ಟಿ ನೆಲ ಮುಟ್ಟುವ ಜಾಗ 40 ಸೆಂ.ಮೀ. ಅಗಲ, ಒಂದೂವರೆ ಮೀಟರ್ ಉದ್ದ. ಲೆಕ್ಕ ಹಾಕಿ ನೋಡಿ, ಚದರ ಸೆಂಟಿಮೀಟರಿಗೆ 40 ಗ್ರಾಂ ಚಿಲ್ಲರೆ. ನಡೆಯುವ ನನ್ನ ಕಾಲು ಹೂತುಹೋಗುವ ಕಡೆ ಗಾಡಿ ತೇಲುತ್ತದೆ!

ಪಟ್ಟಿ ನೆಲಕ್ಕೆ ಹೆಪ್ಪುಗಟ್ಟಿ ಹಿಡಿಯದಿರಲು ರಾತ್ರಿ ಗಾಡಿಯನ್ನು ಹಲಗೆ ಮೇಲೆ ನಿಲ್ಲಿಸಬೇಕು. ಅದರ ಜೊತೆ ಇನ್ನೊಂದು ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಒಟ್ಟು ಖರ್ಚು 900 ಡಾಲರ್ ದಾಟಿರಬಹುದು, ಅರ್ಧ ತಪ್ಪುಗಳಿಗೇ. ಪಕ್ಕದ ಫಾರ್ಮಿನವರಿಗೆ ಈಗ ದನಗಳಿಗೆ ಹುಲ್ಲು ಹೊರಲು ಇಂಥದ್ದೇ ಒಂದು ಬೇಕಂತೆ. ಎರಡನೇ ಬೆಲ್ಟ್ ತಂದು ಶೆಡ್ಡಿನಲ್ಲಿ ಇಟ್ಟಿದ್ದೇನೆ.